ಕೋಬಾಲ್ಟಿಗೆ ಸ್ವಲ್ಪ ಕೊಳೆ ಬೇಕು

ಅಂಗಡಿಯಲ್ಲಿ ಸಿಗುವ ಶುದ್ಧ ಕೋಬಾಲ್ಟ್ ಆಕ್ಸೈಡನ್ನು ಮಣ್ಣಿನ ಪಾತ್ರೆಗೆ ಹಾಕುವ ಬಿಳಿ ಗ್ಲೇಜಿಗೆ ನೂರಕ್ಕೆ ಒಂದು ಭಾಗ ಹಾಕಿ ಸುಟ್ಟರೆ ಬರುವ ನೀಲಿ ನನಗೆ ಇಷ್ಟವಿಲ್ಲ. ಪ್ಲಾಸ್ಟಿಕ್ ಬಕೆಟ್ಟಿನ ನೀಲಿ ಅದು. ಹಾಗಂತ ಅದರಲ್ಲಿ ತಪ್ಪೇನೂ ಇಲ್ಲ. ಎಲ್ಲ ಕಡೆ ಒಂದೇ ಸಮ ಇರುತ್ತದೆ, ಹೊಳೆಯುತ್ತದೆ, ಪ್ರತಿ ಸಲವೂ ಹಾಗೇ ಬರುತ್ತದೆ. ಒಮ್ಮೆ ನೋಡಿದ ಮೇಲೆ ಇನ್ನೊಮ್ಮೆ ತಿರುಗಿ ನೋಡಬೇಕು ಅನ್ನಿಸುವುದಿಲ್ಲ, ಅಷ್ಟೇ. ಅದೇ ಗ್ಲೇಜಿನಲ್ಲಿ ಕೋಬಾಲ್ಟನ್ನು ಅರ್ಧಕ್ಕೆ ಇಳಿಸಿ, ಜೊತೆಗೆ ಒಂದಿಷ್ಟು ಕಬ್ಬಿಣದ ಆಕ್ಸೈಡ್, ಚಿಟಿಕೆ ಮ್ಯಾಂಗನೀಸ್ ಹಾಕಿ ನೋಡಿ. ನೀಲಿಯ ಅಬ್ಬರ ಇಳಿಯುತ್ತದೆ. ಗ್ಲೇಜ್ ದಪ್ಪ ನಿಂತ ಕಡೆ ಕಪ್ಪಿಗೆ ಹತ್ತಿರ, ಬಟ್ಟಲಿನ ಅಂಚಿನಲ್ಲಿ ತೆಳುವಾದ ಕಡೆ ಕಂದು, ನಡುವೆ ಹೆಸರು ಹೇಳಲು ಬಾರದ ಒಂದು ಬೂದು ನೀಲಿ.

ಕುಂಬಾರಿಕೆ ಕಲಿಯಲು ಬರುವವರು ಮೊದಲು ಕೇಳುವುದು ಒಳ್ಳೆ ಶುದ್ಧವಾದ ಬಣ್ಣದ ಪುಡಿ ಎಲ್ಲಿ ಸಿಗುತ್ತದೆ ಅಂತ. ಪುಡಿ ಶುದ್ಧವಾಗಿದ್ದರೆ ಬಣ್ಣವೂ ಚೆನ್ನಾಗಿರುತ್ತದೆ ಅನ್ನುವ ನಂಬಿಕೆ. ನನಗೆ ಬರಬರುತ್ತಾ ಇದು ಉಲ್ಟಾ ಅನ್ನಿಸತೊಡಗಿದೆ. ನಾನು ಇಷ್ಟಪಟ್ಟು ನೋಡುವ ಹಳೆಯ ಪಾತ್ರೆಗಳಲ್ಲಿ ಬಹುಪಾಲು ಕಲಬೆರಕೆಯ ಖನಿಜದಿಂದಲೇ ಬಣ್ಣ ಪಡೆದವು.

ಗ್ಲೇಜ್ ಎಂದರೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಪಿಂಗಾಣಿ ಬಟ್ಟಲಿನ ಮೇಲೆ ಹೊಳೆಯುತ್ತದಲ್ಲ, ಆ ಪದರ ಗಾಜು. ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಸುಣ್ಣದಕಲ್ಲು, ಬಿಳಿ ಜೇಡಿಮಣ್ಣು, ಇವುಗಳ ಪುಡಿಯನ್ನು ನೀರಿನಲ್ಲಿ ಕಲಸಿ, ಒಮ್ಮೆ ಹದವಾಗಿ ಸುಟ್ಟ ಪಾತ್ರೆಯನ್ನು ಅದರಲ್ಲಿ ಅದ್ದಿ, ಮತ್ತೆ ಸುಡುವ ಗೂಡಿಗೆ ಇಡುತ್ತೇವೆ. ಇಂಗ್ಲೆಂಡಿನ ಕುಂಬಾರ ಬರ್ನಾರ್ಡ್ ಲೀಚ್ ಹೆಸರಿನಲ್ಲಿ ಪ್ರಪಂಚದ ಸ್ಟುಡಿಯೋಗಳಲ್ಲೆಲ್ಲ ಓಡಾಡುವ ಒಂದು ಲೆಕ್ಕ ಇದೆ: ಫೆಲ್ಡ್‌ಸ್ಪಾರ್ 40, ಬೆಣಚು 30, ಸುಣ್ಣದಕಲ್ಲು 20, ಬಿಳಿ ಜೇಡಿ 10. ಸುಮಾರು 1,280 ಡಿಗ್ರಿ ಸೆಲ್ಸಿಯಸ್‌ಗೆ ಇದು ಕರಗಿ ತಿಳಿಗಾಜಾಗುತ್ತದೆ. ಆ ಶಾಖದಲ್ಲಿ ಗಿಡ, ಬೇರು, ಹೂವಿನಿಂದ ತೆಗೆದ ಯಾವ ಬಣ್ಣವೂ ಉಳಿಯುವುದಿಲ್ಲ, ಸುಟ್ಟು ಗಾಳಿಗೆ ಹೋಗುತ್ತದೆ. ಉಳಿಯುವುದು ಕಬ್ಬಿಣ, ತಾಮ್ರ, ಕೋಬಾಲ್ಟ್, ಮ್ಯಾಂಗನೀಸ್, ಕ್ರೋಮಿಯಂ, ನಿಕ್ಕಲ್, ಟೈಟಾನಿಯಂ ಇಂಥ ಲೋಹಗಳ ಆಕ್ಸೈಡುಗಳು. ಒಟ್ಟು ಏಳೆಂಟು ಪುಡಿ ಅಷ್ಟೇ. ಇವುಗಳಲ್ಲೂ ಕೆಲವನ್ನೇ ಇಟ್ಟುಕೊಂಡು ಚೀನಾ, ಇರಾನ್, ಜಪಾನ್, ಕೊರಿಯಾದ ಕುಂಬಾರರು ಸಾವಿರಾರು ವರ್ಷ ಕೆಲಸ ಮಾಡಿದರು.

ಮತ್ತೆ ಕೋಬಾಲ್ಟಿಗೆ ಬರೋಣ.

ಬಿಳಿ ಪಿಂಗಾಣಿಯ ಮೇಲೆ ನೀಲಿ ಚಿತ್ರ ಎಂದ ಕೂಡಲೇ ಎಲ್ಲರೂ ಚೀನಾ ಅನ್ನುತ್ತಾರೆ. ಆದರೆ ಆ ಕೆಲಸಕ್ಕೆ ಹೆಸರು ತಂದ ಶುರುವಿನ ಕಾಲದ ನೀಲಿಯಲ್ಲಿ ಒಳ್ಳೆಯದೆಲ್ಲ ಹೊರಗಿನಿಂದ ಬಂದದ್ದು. ಇರಾನಿನ ಕಾಶಾನ್ ಕುಂಬಾರರ, ಟೈಲು ಮಾಡುವವರ ಊರು. ಅಲ್ಲಿಯ ಹೆಸರಾಂತ ಕುಂಬಾರ ಮನೆತನದ ಅಬುಲ್ ಖಾಸಿಂ ಎಂಬಾತ 1301ರಲ್ಲಿ ಈ ಕಸುಬಿನ ಬಗ್ಗೆ ಬರೆಯುತ್ತಾ, ಹತ್ತಿರದ ಖಂಸರ್ ಎಂಬ ಊರಿನಲ್ಲಿ ಸಿಗುವ ನೀಲಿ ಕಲ್ಲಿನ ವಿಷಯ ಹೇಳುತ್ತಾನೆ. ಪಶ್ಚಿಮ ಏಷ್ಯಾದ ಕೋಬಾಲ್ಟ್ ವ್ಯಾಪಾರಿಗಳ ಕೈ ದಾಟಿ ಚೀನಾದ ಜಿಂಗ್‌ಡೆಜೆನ್ ಎಂಬ ಪಿಂಗಾಣಿ ಊರನ್ನು ತಲುಪಿತು. ಅದರಲ್ಲಿ ಕಬ್ಬಿಣ ಜಾಸ್ತಿ, ಮ್ಯಾಂಗನೀಸ್ ಕಡಿಮೆ. ಚೀನಾದಲ್ಲೇ ಸಿಗುವ ಕೋಬಾಲ್ಟ್ ಅದಿರು ಇದಕ್ಕೆ ವಿರುದ್ಧ, ಅದರಲ್ಲಿ ಮ್ಯಾಂಗನೀಸ್ ತುಂಬಿರುತ್ತದೆ. ಇವತ್ತು ವಸ್ತುಸಂಗ್ರಹಾಲಯಗಳಲ್ಲಿ ಒಂದು ಪಾತ್ರೆಯ ನೀಲಿ ಎಲ್ಲಿಂದ ಬಂದದ್ದು ಎಂದು ಪತ್ತೆ ಮಾಡುವಾಗ ನೋಡುವುದೂ ಈ ಎರಡರ ಅನುಪಾತವನ್ನೇ. ಅಂದರೆ ಕೋಬಾಲ್ಟಿನ ಊರು ಯಾವುದು ಅಂತ ಹೇಳುವುದು ಅದರೊಳಗಿನ ಕೊಳೆ.

ಮಿಂಗ್ ದೊರೆಗಳಾದ ಯೋಂಗ್ಲೆ ಮತ್ತು ಶ್ವಾಂಡೆ ಕಾಲದ, ಅಂದರೆ 15ನೇ ಶತಮಾನದ ಮೊದಲ ಮೂರೂವರೆ ದಶಕದ ನೀಲಿ ಪಾತ್ರೆಗಳ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಕುಂಚ ನಿಂತ ಕಡೆ, ಬಣ್ಣ ದಪ್ಪವಾದ ಕಡೆ, ನೀಲಿಯೊಳಗೆ ಕಪ್ಪು ಕಪ್ಪು ಚುಕ್ಕೆಗಳು ಕಾಣುತ್ತವೆ. ಅಲ್ಲಿ ಕಬ್ಬಿಣ ಗ್ಲೇಜಿನಲ್ಲಿ ಪೂರ್ತಿ ಕರಗದೆ ಮೇಲೆ ಬಂದು, ಹೆಪ್ಪುಗಟ್ಟಿ, ಲೋಹದ ಹಾಗೆ ಮಂಕಾಗಿ ಹೊಳೆಯುತ್ತದೆ. ಲೆಕ್ಕಕ್ಕೆ ಅದು ದೋಷ. ಆದರೆ ಮುನ್ನೂರು ವರ್ಷದ ಮೇಲೆ, 18ನೇ ಶತಮಾನದ ಹೊತ್ತಿಗೆ, ಕೋಬಾಲ್ಟನ್ನು ಚೆನ್ನಾಗಿ ಶುದ್ಧ ಮಾಡಲು ಕಲಿತ ಅದೇ ಊರಿನ ಚಿತ್ರಗಾರರು ಹಳೆಯ ಪಾತ್ರೆಗಳ ಹಾಗೆ ಕಾಣಲಿ ಎಂದು ಕುಂಚದ ತುದಿಯಿಂದ ಒಂದೊಂದೇ ಕಪ್ಪು ಚುಕ್ಕೆ ಇಟ್ಟು ಕೂತರು! ನೋಡಿದರೆ ಗೊತ್ತಾಗುತ್ತದೆ. ಚುಕ್ಕೆಗಳು ತೀರಾ ಶಿಸ್ತಾಗಿ ಕೂತಿವೆ. ನನಗಂತೂ ಈ ಕತೆ ಬಹಳ ಇಷ್ಟ. ಮೊದಲು ಕಷ್ಟಪಟ್ಟು ಕೊಳೆ ತೆಗೆದರು, ಆಮೇಲೆ ಅದಕ್ಕಿಂತ ಕಷ್ಟಪಟ್ಟು ಅದನ್ನು ವಾಪಸ್ ಬರೆದರು.

ಇದೇ ಇರಾನಿ ಕಸುಬು ನಮ್ಮ ಬೀದರಿಗೂ ಬಂತು. ಬಹಮನಿ ಮಂತ್ರಿ ಮಹಮೂದ್ ಗವಾನ್ ಹುಟ್ಟಿದ್ದು ಇರಾನಿನ ಗಿಲಾನಿನಲ್ಲಿ. ಆತ 1472ರಲ್ಲಿ ಕಟ್ಟಿಸಿದ ಮದರಸಾದ ಮುಖದ ತುಂಬ ಗ್ಲೇಜ್ ಟೈಲುಗಳಿದ್ದವು. ಔರಂಗಜೇಬನ ಕಾಲದಲ್ಲಿ ಒಳಗೆ ಇಟ್ಟಿದ್ದ ಮದ್ದಿನ ಪುಡಿ ಸಿಡಿದು ಒಂದು ಮಿನಾರು ಮತ್ತು ಕಟ್ಟಡದ ಒಂದು ಪಕ್ಕ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ಈಗಲೂ ಅಂಕುಡೊಂಕು ಪಟ್ಟಿಯಲ್ಲಿ ಟೈಲುಗಳಿವೆ, ಗೋಡೆಯ ಮೇಲ್ಭಾಗದಲ್ಲಿ ಅಕ್ಷರಗಳ ಸಾಲಿನ ತುಣುಕುಗಳಿವೆ. ಇಂಥ ಕೆಲಸದಲ್ಲಿ ಗಾಢ ನೀಲಿಗೆ ಕೋಬಾಲ್ಟ್, ತಿಳಿ ಹಸಿರುನೀಲಿಗೆ ತಾಮ್ರ, ಬಿಳಿಗೆ ತವರ. ಬೀದರಿಗೆ ಹೋದವರು ಬಿದ್ರಿ ಸಾಮಾನು ಕೊಂಡು, ಕೋಟೆ ಮುಂದೆ ಫೋಟೋ ತೆಗೆದು ಬರುತ್ತಾರೆ. ಮಿನಾರಿನ ಕೆಳಗೆ ಹತ್ತು ನಿಮಿಷ ಕತ್ತೆತ್ತಿ ನಿಲ್ಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಒಂದೇ ನೀಲಿ ಪಟ್ಟಿಯಲ್ಲಿ ಪಕ್ಕಪಕ್ಕದ ಎರಡು ಟೈಲು ಒಂದೇ ಬಣ್ಣ ಇಲ್ಲ. ಕೋಟೆಯ ಒಳಗೆ ರಂಗೀನ್ ಮಹಲಿನಲ್ಲೂ ಟೈಲು ಕೆಲಸ ಇದೆ. ಬೀಗ ತೆಗೆಸಿ ನೋಡಬೇಕಾಗಬಹುದು, ಆದರೂ ಬಿಡಬೇಡಿ.

ಈಗ ಕಬ್ಬಿಣ. ನನಗೆ ಯಾರಾದರೂ ಒಂದೇ ಒಂದು ಪುಡಿ ಇಟ್ಟುಕೋ, ಉಳಿದದ್ದೆಲ್ಲ ಬಿಸಾಕು ಅಂದರೆ ನಾನು ಯೋಚನೆ ಮಾಡದೆ ಕಬ್ಬಿಣ ಇಟ್ಟುಕೊಳ್ಳುತ್ತೇನೆ.

ಕಾರಣ ಹೇಳುತ್ತೇನೆ. ಮೇಲೆ ಹೇಳಿದ ತಿಳಿಗಾಜಿಗೆ ನೂರಕ್ಕೆ ಒಂದೋ ಎರಡೋ ಭಾಗ ಕೆಂಪು ಕಬ್ಬಿಣದ ಆಕ್ಸೈಡ್ ಹಾಕಿ, ಗೂಡಿನಲ್ಲಿ ಗಾಳಿ ಕಡಿಮೆ ಮಾಡಿ ಸುಟ್ಟರೆ ತಿಳಿ ಹಸಿರು ಬರುತ್ತದೆ. ಇದೇ ಚೀನಾ ಮತ್ತು ಕೊರಿಯಾದ ಹೆಸರಾಂತ ಸೆಲಡಾನ್. ಅದೇ ಗ್ಲೇಜನ್ನು ಗಾಳಿ ಧಾರಾಳ ಬಿಟ್ಟು ಸುಟ್ಟರೆ ಜೇನಿನ ಹಳದಿ. ಪ್ರಮಾಣ ಎಂಟು ಹತ್ತಕ್ಕೆ ಏರಿಸಿದರೆ ಕಪ್ಪು, ಅಂಚಿನಲ್ಲಿ ತುಕ್ಕಿನ ಬಣ್ಣ ಒಡೆಯುವ ಕಪ್ಪು. ಚೀನಾದ ಸೋಂಗ್ ಅರಸರ ಕಾಲದ ಫುಜಿಯಾನ್ ಪ್ರಾಂತ್ಯದ ಚಹಾ ಬಟ್ಟಲುಗಳದ್ದು ಈ ಬಣ್ಣ, ಜಪಾನಿನವರು ಅದನ್ನು ಟೆಮ್ಮೊಕು ಅನ್ನುತ್ತಾರೆ. ಇನ್ನೂ ಏರಿಸಿದರೆ ಗಾಜು ಅಷ್ಟು ಕಬ್ಬಿಣ ಹಿಡಿದಿಟ್ಟುಕೊಳ್ಳಲಾಗದೆ, ಆರುವಾಗ ಮೇಲ್ಮೈಯಲ್ಲಿ ಕೆಂಪು ಹರಳುಗಳಾಗಿ ಬಿಡುತ್ತದೆ. ಸುಮಾರು 1,230 ಡಿಗ್ರಿ ದಾಟಿದ ಮೇಲೆ ಕೆಂಪು ಕಬ್ಬಿಣದ ಆಕ್ಸೈಡ್ ತನ್ನಲ್ಲಿರುವ ಆಮ್ಲಜನಕದಲ್ಲಿ ಸ್ವಲ್ಪ ಬಿಟ್ಟುಕೊಡುತ್ತದೆ, ಆ ಗುಳ್ಳೆಗಳು ಮೇಲೇಳುವಾಗ ಕಬ್ಬಿಣವನ್ನೂ ಎಳೆದು ತಂದು ಮೇಲೆ ಬೆಳ್ಳಿಯಂಥ ಮಚ್ಚೆ ಮಾಡುತ್ತವೆ. ಇಷ್ಟೆಲ್ಲ ಒಂದೇ ಪುಡಿಯಿಂದ. ಅದೂ ಎಲ್ಲಕ್ಕಿಂತ ಅಗ್ಗದ್ದು.

ಗಾಳಿ ಅಂದೆನಲ್ಲ. ಗೂಡಿಗೆ ಗಾಳಿ ಸಾಲದಿದ್ದಾಗ ಬೆಂಕಿ ತನಗೆ ಬೇಕಾದ ಆಮ್ಲಜನಕವನ್ನು ಗ್ಲೇಜಿನಲ್ಲಿರುವ ಆಕ್ಸೈಡಿನಿಂದಲೇ ಕಿತ್ತುಕೊಳ್ಳುತ್ತದೆ. ಕಬ್ಬಿಣದ ರೂಪ ಬದಲಾಗುತ್ತದೆ, ಜೊತೆಗೆ ಬಣ್ಣವೂ. ಇದನ್ನು ಕಂಡುಕೊಂಡವರು ಚೀನಾದವರು ಮಾತ್ರ ಅಂದುಕೊಳ್ಳಬೇಡಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ, ಅಶೋಕನ ಶಾಸನ ಇರುವ ಅದೇ ಊರಿನಲ್ಲಿ, 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಕಪ್ಪು ಕೆಂಪು ಮಡಕೆಗಳು ಸಿಕ್ಕವು. ಒಳಗೆಲ್ಲ ಕಪ್ಪು, ಬಾಯಿಯ ಸುತ್ತ ಕಪ್ಪು, ಹೊರಗೆ ಕೆಳಗೆ ಕೆಂಪು. ಎರಡು ಬಣ್ಣ ಬಳಿದದ್ದಲ್ಲ, ಮಣ್ಣು ಒಂದೇ. ಬೋರಲು ಹಾಕಿ ಸುಟ್ಟಿದ್ದರು, ಒಳಗೆ ಗಾಳಿ ಆಡದೆ ಕಪ್ಪಾಯಿತು, ಗಾಳಿ ತಾಗಿದ ಕಡೆ ಕೆಂಪಾಯಿತು ಅನ್ನುವುದು ಸಾಮಾನ್ಯವಾಗಿ ಒಪ್ಪಿರುವ ವಿವರಣೆ. ಗ್ಲೇಜ್ ಇಲ್ಲ, ತೂಕದ ಯಂತ್ರ ಇಲ್ಲ, ಉಷ್ಣತೆ ತೋರಿಸುವ ಮೀಟರು ಇಲ್ಲ. ನಾವು ಸ್ಟುಡಿಯೋದಲ್ಲಿ ಡ್ಯಾಂಪರ್, ಅಂದರೆ ಗೂಡಿನ ಹೊಗೆದಾರಿಯ ತಡೆಹಲಗೆ, ಎಳೆದು ತಳ್ಳಿ ಮಾಡುವ ಕೆಲಸವನ್ನು ಅವರು ಮಡಕೆ ತಿರುಗಿಸಿಟ್ಟು ಮಾಡಿದ್ದರು.

ನಮ್ಮ ಕುಂಬಾರರ ಮನೆಗಳಲ್ಲೂ ಇದು ಗೊತ್ತಿರುವ ವಿದ್ಯೆಯೇ. ಮಡಕೆ ಒಣಗುವ ಹೊತ್ತಿಗೆ ಕೆಮ್ಮಣ್ಣು ಕದಡಿದ ನೀರು ಬಳಿಯುತ್ತಾರೆ, ಸುಟ್ಟ ಮೇಲೆ ಅದು ಕೆಂಪಗೆ ಎದ್ದು ಕಾಣುತ್ತದೆ. ಕಪ್ಪು ಬೇಕಿದ್ದರೆ ಆವಿಗೆಯ ಕೊನೆಯಲ್ಲಿ ಹಸಿ ಸೊಪ್ಪು, ಹೊಟ್ಟು ಹಾಕಿ ಬಾಯಿ ಮುಚ್ಚುತ್ತಾರೆ. ಮಂಗಳೂರು ಹೆಂಚೂ ಅದೇ ಕಬ್ಬಿಣ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಶುರು ಮಾಡಿದ ಕಾರ್ಖಾನೆಯಿಂದ ಹಿಡಿದು ಕರಾವಳಿಯ ಅಷ್ಟೂ ಹೆಂಚಿನ ಕೆಂಪು ಯಾರೂ ಸೇರಿಸಿದ್ದಲ್ಲ, ನದಿ ದಂಡೆಯ ಜೇಡಿಯಲ್ಲಿ ಮೊದಲೇ ಇದ್ದದ್ದು.

ಸಂಡೂರಿನ ಕಡೆಯ ಗೆಳೆಯರೊಬ್ಬರು ಊರಿನಿಂದ ಬರುವಾಗ ನನಗೆ ಕಲ್ಲು ತಂದುಕೊಡುತ್ತಾರೆ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ, ನೋಡಲು ಉಕ್ಕಿನ ಬಣ್ಣ, ಒರೆಸಿದರೆ ಬೆರಳೆಲ್ಲ ಕೆಂಪು. ಹೆಮಟೈಟ್ ಎಂಬ ಕಬ್ಬಿಣದ ಅದಿರು. ಹಾರೆಯ ಹಿಂಬದಿಯಿಂದ ಜಜ್ಜಿ, ಒರಳಲ್ಲಿ ಕುಟ್ಟಿ (ಅಡುಗೆಮನೆಯ ಒರಳಲ್ಲ, ಹೆದರಬೇಡಿ), ನೀರಲ್ಲಿ ಕದಡಿ, ದಪ್ಪ ಕೂತ ಮೇಲೆ ಮೇಲಿನ ಕೆಂಪು ನೀರನ್ನು ಬಸಿದು ಒಣಗಿಸಿದರೆ ನಯವಾದ ಪುಡಿ ಸಿಗುತ್ತದೆ. ಗ್ಲೇಜಿಗೆ ಅಂಗಡಿಯ ಆಕ್ಸೈಡನ್ನು ಹಾಕಿ ಸುಟ್ಟ ಪರೀಕ್ಷೆಯ ಟೈಲು, ಸಂಡೂರಿನ ಪುಡಿ ಹಾಕಿದ ಟೈಲು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಂಗಡಿಯದ್ದು ಒಂದೇ ಸಮನಾದ ಕಪ್ಪು. ಸಂಡೂರಿನದ್ದು ಕಪ್ಪಿನೊಳಗೆ ಅಲ್ಲಲ್ಲಿ ಕಂದು ಚುಕ್ಕೆ, ಸಣ್ಣ ಬಿರುಸು. ಪುಡಿ ಪೂರ್ತಿ ನಯವಾಗದೇ ಇರುವುದು ಒಂದು ಕಾರಣ, ಕಲ್ಲಿನಲ್ಲಿ ಕಬ್ಬಿಣದ ಜೊತೆ ಬೇರೆ ಏನೇನೋ ಇರುವುದು ಇನ್ನೊಂದು. ಆ ಸೀಮೆಯಲ್ಲಿ ಮ್ಯಾಂಗನೀಸ್ ಅದಿರೂ ಇದೆ ಅಲ್ವಾ.

ಯೋಚಿಸಿದರೆ ನಮ್ಮ ನೆಲದಲ್ಲೇ ಬಣ್ಣದ ಪೆಟ್ಟಿಗೆ ಹೆಚ್ಚುಕಡಿಮೆ ಪೂರ್ತಿ ಇದೆ. ಬಳ್ಳಾರಿ ಸೀಮೆಯಲ್ಲಿ ಕಬ್ಬಿಣ, ಮ್ಯಾಂಗನೀಸ್. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಕ್ರೋಮೈಟ್, ಅಂದರೆ ಕ್ರೋಮಿಯಂ ಅದಿರು. ಚಿತ್ರದುರ್ಗದ ಹತ್ತಿರದ ಇಂಗಳದಾಳಿನಲ್ಲಿ ತಾಮ್ರ ತೆಗೆಯುತ್ತಿದ್ದರು. ಮಣ್ಣಿಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಅಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಇದೆ. ಕೋಬಾಲ್ಟ್ ಮಾತ್ರ ಹೊರಗಿನಿಂದಲೇ ಬರಬೇಕು. ಪ್ರಪಂಚದ ಕೋಬಾಲ್ಟಿನಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಆಫ್ರಿಕಾದ ಕಾಂಗೋ ದೇಶದ ಗಣಿಗಳಿಂದ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಬ್ಯಾಟರಿಗೆ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿನ ಮಾರುಕಟ್ಟೆ ಮೇಲೆ ಕೆಳಗೆ ಆದಾಗ ನನ್ನ ಚಹಾ ಲೋಟದ ಖರ್ಚೂ ಮೇಲೆ ಕೆಳಗೆ ಆಗುತ್ತದೆ. ಆ ಗಣಿಗಳಲ್ಲಿ ಮಕ್ಕಳೂ ದುಡಿಯುತ್ತಾರೆ ಅನ್ನುವ ವರದಿಗಳನ್ನು ಓದಿದ ಮೇಲೆ, ಸುಮ್ನೆ ಗಾಢ ನೀಲಿ ಬರಲಿ ಅಂತ ಇನ್ನೊಂದು ಗ್ರಾಂ ಸುರಿಯಲು ಕೈ ಬರುವುದಿಲ್ಲ.

ತಾಮ್ರದ ವಿಷಯ ಬೇರೆ. ಕೋಬಾಲ್ಟ್ ಎಲ್ಲಿ ಹಾಕಿದರೂ ನೀಲಿಯೇ. ಗ್ಲೇಜಿನಲ್ಲಿ ಮೆಗ್ನೀಸಿಯಂ ಜಾಸ್ತಿ ಇದ್ದರೆ ನೇರಳೆ ಕಡೆ, ಟೈಟಾನಿಯಂ ಜಾಸ್ತಿ ಇದ್ದರೆ ಹಸಿರು ಕಡೆ ವಾಲೀತು, ಅಷ್ಟೇ. ತಾಮ್ರಕ್ಕೆ ಹಾಗೆ ಒಂದು ನಿಲುವಿಲ್ಲ. ಸೀಸದ ಗ್ಲೇಜಿನಲ್ಲಿ ಎಲೆ ಹಸಿರು. ಸೋಡಾ ಪೊಟ್ಯಾಶ್ ಜಾಸ್ತಿ ಇರುವ ಗ್ಲೇಜಿನಲ್ಲಿ ಇರಾನಿ ಟೈಲಿನ ಆ ತಿಳಿ ಹಸಿರುನೀಲಿ. ಜೈಪುರದ ನೀಲಿ ಪಾತ್ರೆಗಳಲ್ಲಿ ನೀವು ನೋಡುವ ಎರಡು ಮುಖ್ಯ ಬಣ್ಣಗಳೂ ಕೋಬಾಲ್ಟ್ ಮತ್ತು ತಾಮ್ರವೇ. ಗಾಳಿ ಕಡಿಮೆ ಮಾಡಿ 1,280ಕ್ಕೆ ಸುಟ್ಟರೆ ಅದೇ ತಾಮ್ರ ರಕ್ತಗೆಂಪು. ಈ ಕೆಂಪಿಗೆ ನೂರಕ್ಕೆ ಅರ್ಧ ಭಾಗ ತಾಮ್ರ ಸಾಕು, ಜೊತೆಗೆ ಒಂದಿಷ್ಟು ತವರ. ಗಾಜಿನೊಳಗೆ ತಾಮ್ರ ಅತಿ ಸಣ್ಣ ಕಣಗಳಾಗಿ ನಿಲ್ಲಬೇಕು, ಕಣ ದಪ್ಪವಾದರೆ ಕೆಂಪು ಕೆಟ್ಟು ಯಕೃತ್ತಿನ ಕಂದು, ಆರುವಾಗ ಗಾಳಿ ನುಗ್ಗಿದರೆ ಅಲ್ಲಲ್ಲಿ ಬಿಳಿ, ಹಸಿರು. ಚೀನಾದಲ್ಲೇ ಶ್ವಾಂಡೆ ಕಾಲದ ನಂತರ ಈ ಕೆಂಪು ಬಹಳ ಅಪರೂಪವಾಗಿ, 17ನೇ ಶತಮಾನದ ಕೊನೆಗೆ ಮತ್ತೆ ಹಿಡಿತಕ್ಕೆ ಸಿಕ್ಕಿತು. ಅರಮನೆಯ ಗೂಡುಗಳಿಗೇ ಹೀಗಾದರೆ ನಮ್ಮ ಪಾಡೇನು!

ಬೆಂಗಳೂರಿನ ಹೆಚ್ಚಿನ ಹವ್ಯಾಸಿಗಳ ಹತ್ತಿರ ಇರುವುದು ಕರೆಂಟಿನ ಗೂಡು, ಅಂದರೆ ಕಿಲ್ನ್. ಅದರಲ್ಲಿ ಜ್ವಾಲೆಯೇ ಇಲ್ಲ, ಗಾಳಿ ಕಡಿಮೆ ಮಾಡುವ ಮಾತೇ ಬರುವುದಿಲ್ಲ. ಹಾಗಾಗಿ ಸೆಲಡಾನ್, ತಾಮ್ರದ ಕೆಂಪು ನೋಡಿ ಆಸೆಪಡುವವರು ಬಹಳ, ಮಾಡಲು ಆಗುವವರು ಕಡಿಮೆ. ಒಂದು ಅಡ್ಡದಾರಿ ಇದೆ. ಸಿಲಿಕಾನ್ ಕಾರ್ಬೈಡ್ ಎಂಬ ಉಜ್ಜುವ ಪುಡಿಯ ಅತಿ ನಯವಾದ ದರ್ಜೆಯನ್ನು ನೂರಕ್ಕೆ ಅರ್ಧ ಭಾಗ ಗ್ಲೇಜಿಗೆ ಸೇರಿಸಿದರೆ, ಅದು ಗ್ಲೇಜಿನ ಒಳಗೇ ತಾಮ್ರದ ಆಮ್ಲಜನಕವನ್ನು ಕಿತ್ತುಕೊಂಡು ಕರೆಂಟಿನ ಕಿಲ್ನಿನಲ್ಲೂ ಕೆಂಪು ಕೊಡುತ್ತದೆ. ಕೆಂಪು ಬರುತ್ತದೆ, ನಿಜ. ಗುಳ್ಳೆಯೂ ಬರುತ್ತದೆ. ನನಗೆ ಅದರಲ್ಲಿ ಪೂರ್ತಿ ಸಮಾಧಾನ ಇಲ್ಲ, ಆದರೂ ಗ್ಯಾಸ್ ಗೂಡು ಇಲ್ಲದವರು ಮಾಡಿ ನೋಡಲು ಅಡ್ಡಿಯಿಲ್ಲ.

ತಾಮ್ರ ಮತ್ತು ಕ್ರೋಮಿಯಂ ಇನ್ನೊಂದು ಕೆಲಸ ಮಾಡುತ್ತವೆ. ಶಾಖ ಏರಿದಾಗ ಆವಿಯಾಗಿ ಪಕ್ಕದ ಪಾತ್ರೆಗೆ ಹಾರುತ್ತವೆ. ಕ್ರೋಮಿಯಂ ಹಸಿರು ಬಳಿದ ಲೋಟದ ಪಕ್ಕ ತವರ ಹಾಕಿದ ಬಿಳಿ ಬಟ್ಟಲು ಇಟ್ಟರೆ, ಗೂಡು ತೆಗೆದಾಗ ಬಿಳಿ ಬಟ್ಟಲಿನ ಒಂದು ಕೆನ್ನೆ ಗುಲಾಬಿ! ತವರ, ಸುಣ್ಣ, ಎಳ್ಳಷ್ಟು ಕ್ರೋಮಿಯಂ ಸೇರಿದರೆ ಹುಟ್ಟುವ ಗುಲಾಬಿ ಅದು. ಅದೇ ಕ್ರೋಮಿಯಂ ಸತು ಇರುವ ಗ್ಲೇಜಿಗೆ ಸಿಕ್ಕರೆ ಹಸಿರು ಸತ್ತು ಕೊಳಕು ಕಂದು. ಹಲವರು ಹಂಚಿಕೊಳ್ಳುವ ಗೂಡಿನಲ್ಲಿ ಇದರಿಂದ ಜಗಳವೇ ಆಗುತ್ತದೆ. ನಿಮ್ಮ ಹಸಿರು ನನ್ನ ಬಿಳಿಯನ್ನು ಹಾಳು ಮಾಡಿತು ಅಂತ ಒಬ್ಬರು, ಇಷ್ಟು ಚೆಂದದ ಗುಲಾಬಿ ಪುಕ್ಕಟೆ ಸಿಕ್ಕಿತಲ್ಲ ಅಂತ ಇನ್ನೊಬ್ಬರು. ನಾನು ಎರಡೂ ಕಡೆ ನಿಂತು ವಾದ ಮಾಡಿದ್ದೇನೆ.

ಹೊಸಬರಿಗೆ ತಲೆಕೆಡಿಸುವ ಸಂಗತಿ ಇನ್ನೊಂದು. ಬಕೆಟ್ಟಿನಲ್ಲಿರುವ ಗ್ಲೇಜ್ ನೋಡಿದರೆ ಸುಟ್ಟ ಮೇಲಿನ ಬಣ್ಣ ಗೊತ್ತಾಗುವುದಿಲ್ಲ. ಕಪ್ಪು ಟೆಮ್ಮೊಕು ಬಕೆಟ್ಟಿನಲ್ಲಿ ಇಟ್ಟಿಗೆ ಕೆಂಪು. ಹಸಿರು ಸೆಲಡಾನ್ ತಿಳಿ ಗುಲಾಬಿ. ಕೋಬಾಲ್ಟ್ ಕಾರ್ಬೊನೇಟ್ ನೇರಳೆ ಪುಡಿ, ಕೋಬಾಲ್ಟ್ ಆಕ್ಸೈಡ್ ಕಡು ಕಪ್ಪು ಪುಡಿ, ಎರಡೂ ನೀಲಿಯೇ ಆಗುವುದು. ಕುಂಚ ಹಿಡಿದು ಪಾತ್ರೆಯ ಮೇಲೆ ಬಳ್ಳಿ, ಎಲೆ ಬರೆಯುವವರು ಕಪ್ಪು ಗೆರೆಯನ್ನು ಎಳೆಯುತ್ತಾ ಮನಸ್ಸಿನಲ್ಲಿ ನೀಲಿಯನ್ನು ನೋಡಬೇಕು. ಎಷ್ಟು ದಪ್ಪ ಬಳಿದರೆ ಎಷ್ಟು ಗಾಢ ಆಗುತ್ತದೆ ಅನ್ನುವುದು ಕೈಗೆ ಬರಲು ಕಾಲ ಬೇಕು. ಗ್ಲೇಜ್ ಹಾಕದ ಒಣ ಪಾತ್ರೆ ನೀರನ್ನು ತಟ್ಟನೆ ಹೀರುವುದರಿಂದ ಕುಂಚ ಒಂದು ಕ್ಷಣ ತಡೆದರೂ ಅಲ್ಲಿ ಬಣ್ಣ ಗುಡ್ಡೆಯಾಗುತ್ತದೆ, ಅಳಿಸಲು ಆಗುವುದಿಲ್ಲ. ಕೆಂಪು ಮಣ್ಣಿನ ಪಾತ್ರೆಯಾದರೆ ಮಣ್ಣಿನ ಕಬ್ಬಿಣವೂ ಗ್ಲೇಜಿಗೆ ಏರಿ ಬಂದು ನೀಲಿಯನ್ನು ತಾನಾಗಿಯೇ ಪಳಗಿಸುತ್ತದೆ. ಬಿಳಿ ಪಿಂಗಾಣಿಯ ಮೇಲೆ ಕಿರುಚುವ ಕೋಬಾಲ್ಟ್ ನಮ್ಮ ಕೆಂಪು ಮಣ್ಣಿನ ಮೇಲೆ ಎಷ್ಟೋ ಮರ್ಯಾದೆಯಿಂದ ಇರುತ್ತದೆ.

ಇಷ್ಟು ತಾಪತ್ರಯ ಬೇಡ ಅನ್ನುವವರಿಗೆ ಸ್ಟೇನುಗಳಿವೆ. ಕಾರ್ಖಾನೆಯಲ್ಲಿ ಆಕ್ಸೈಡುಗಳನ್ನು ಮೊದಲೇ ಹೆಚ್ಚು ಶಾಖಕ್ಕೆ ಸುಟ್ಟು, ಅರೆದು, ತೊಳೆದು ಮಾಡಿದ ಸ್ಥಿರ ಬಣ್ಣಗಳು. ಡಬ್ಬಿಯಲ್ಲಿ ಕಂಡ ಬಣ್ಣವೇ ಹೆಚ್ಚುಕಡಿಮೆ ಪಾತ್ರೆಯಲ್ಲೂ ಬರುತ್ತದೆ. ನಿಂಬೆಹಳದಿ ಬೇಕಿದ್ದರೆ ಪ್ರೇಸಿಯೋಡೈಮಿಯಂ ಹೊಕ್ಕ ಜಿರ್ಕಾನ್ ಹರಳಿನ ಪುಡಿ, ಪೋಸ್ಟ್ ಡಬ್ಬಿಯ ಕೆಂಪು ಬೇಕಿದ್ದರೆ ಕ್ಯಾಡ್ಮಿಯಂ ಬಣ್ಣವನ್ನು ಜಿರ್ಕಾನ್ ಹರಳಿನೊಳಗೆ ಬಂಧಿಸಿಟ್ಟ ಪುಡಿ. ಇವನ್ನು ಬಯ್ಯುವವರ ಗುಂಪಿಗೆ ನಾನು ಸೇರುವುದಿಲ್ಲ. ಹೋಟೆಲಿಗೆ ಒಂದೇ ಥರದ ನೂರಾರು ತಟ್ಟೆ ಮಾಡಿಕೊಡುವವರು ಸಂಡೂರಿನ ಕಲ್ಲು ಕುಟ್ಟುತ್ತಾ ಕೂರಲಾಗುವುದಿಲ್ಲ, ಹೊಟ್ಟೆಪಾಡು. ನನ್ನ ತಕರಾರು ಇಷ್ಟೇ: ಶುರುವಿನಲ್ಲೇ ಸ್ಟೇನ್ ಹಿಡಿದವರು ಗ್ಲೇಜನ್ನು ಪೇಂಟಿನ ಹಾಗೆ ನೋಡಲು ಕಲಿಯುತ್ತಾರೆ. ಗಾಜಿನಲ್ಲಿ ಸುಣ್ಣ ಎಷ್ಟಿದೆ, ಗೂಡಿನಲ್ಲಿ ಗಾಳಿ ಹೇಗಿತ್ತು, ಪಕ್ಕದಲ್ಲಿ ಯಾರ ಪಾತ್ರೆ ಇತ್ತು ಅನ್ನುವ ಪ್ರಶ್ನೆಗಳೇ ಅವರಿಗೆ ಹುಟ್ಟುವುದಿಲ್ಲ.

ಇನ್ನು ಹೆದರಿಸುವ ಭಾಗ. ಖನಿಜ ಎಂದರೆ ಪ್ರಕೃತಿ, ಪ್ರಕೃತಿ ಎಂದರೆ ಒಳ್ಳೆಯದು ಅನ್ನುವ ಮಾತು ಈ ಕೆಲಸದಲ್ಲಿ ನಡೆಯುವುದಿಲ್ಲ. ಮ್ಯಾಂಗನೀಸಿನ ಪುಡಿ ಮತ್ತು ಹೊಗೆ ನರಗಳನ್ನು ಹಾಳು ಮಾಡುತ್ತದೆ. ಸೀಸ ಗೊತ್ತೇ ಇದೆ. ಬೇರಿಯಂ ಕಾರ್ಬೊನೇಟ್ ಇಲಿ ಪಾಷಾಣ. ಬೆಣಚಿನ ಪುಡಿ ದಿನಾ ಉಸಿರಾಡಿದರೆ ಶ್ವಾಸಕೋಶ ಗಟ್ಟಿಯಾಗುತ್ತದೆ. ಅಮೆರಿಕದ ಹೋಮರ್ ಲಾಫ್ಲಿನ್ ಕಂಪನಿ 1936ರಲ್ಲಿ ತಂದ ಫಿಯೆಸ್ಟಾ ತಟ್ಟೆಗಳ ಕೆಂಪು ಬಣ್ಣ ಯುರೇನಿಯಂ ಆಕ್ಸೈಡಿನದ್ದು! ಯುದ್ಧದ ಕಾಲದಲ್ಲಿ ಸರ್ಕಾರಕ್ಕೇ ಯುರೇನಿಯಂ ಬೇಕಾಗಿ ಆ ಕೆಂಪು ನಿಂತುಹೋಯಿತು. 1959ರಲ್ಲಿ ಮತ್ತೆ ಬಂದು 1972ರವರೆಗೂ ಇತ್ತು. ಜನ ಅದರಲ್ಲಿ ಊಟ ಮಾಡಿದರು.

ನಮ್ಮ ಅಡುಗೆಗೆ ಇದು ಇನ್ನೂ ಮುಖ್ಯ. ಹೊರದೇಶದ ಗ್ಲೇಜ್ ಪಾಠಗಳಲ್ಲಿ ಕಾಫಿ, ಸಲಾಡ್ ಅಂತ ಬರೆದಿರುತ್ತಾರೆ. ನಮ್ಮಲ್ಲಿ ಹುಣಸೆಹಣ್ಣಿನ ಗೊಜ್ಜು, ಹುಳಿ ಮಜ್ಜಿಗೆ, ಟೊಮೇಟೊ ಸಾರು, ವರ್ಷಗಟ್ಟಲೆ ಇಡುವ ನಿಂಬೆ ಉಪ್ಪಿನಕಾಯಿ. ಹುಳಿ ಗಾಜನ್ನು ನಿಧಾನವಾಗಿ ಕರಗಿಸಿ ಲೋಹವನ್ನು ಹೊರಗೆ ಎಳೆಯುತ್ತದೆ. ಗ್ಲೇಜ್ ಸರಿಯಾಗಿ ಕರಗಿ ಗಟ್ಟಿಯಾಗಿದ್ದರೆ ತೊಂದರೆ ಇಲ್ಲ. ಆದರೆ ತಾಮ್ರ ಜಾಸ್ತಿ ಹಾಕಿದ ಮಂಕು ಹಸಿರುಗಳನ್ನು ನಾನು ಊಟದ ಪಾತ್ರೆಯ ಒಳಗೆ ಹಾಕುವುದೇ ಇಲ್ಲ. ಪ್ರಯೋಗಾಲಯದಲ್ಲಿ 4% ಅಸೆಟಿಕ್ ಆಮ್ಲವನ್ನು 24 ಗಂಟೆ ಪಾತ್ರೆಯಲ್ಲಿಟ್ಟು ಎಷ್ಟು ಸೀಸ, ಕ್ಯಾಡ್ಮಿಯಂ ಇಳಿಯಿತು ಅಂತ ಅಳೆಯುತ್ತಾರೆ. ಮನೆಯಲ್ಲಿ ಒಂದು ನಿಂಬೆ ಹೋಳನ್ನು ರಾತ್ರಿಯಿಡೀ ಗ್ಲೇಜಿನ ಮೇಲೆ ಇಟ್ಟು ಬೆಳಿಗ್ಗೆ ತೊಳೆದು ನೋಡಿ. ಬಣ್ಣ ಮಾಸಿದ್ದರೆ, ಹೊಳಪು ಹೋಗಿದ್ದರೆ ಆ ಪಾತ್ರೆ ಊಟಕ್ಕೆ ಬೇಡ. ಬದಲಾಗದಿದ್ದರೆ ಸುರಕ್ಷಿತ ಅಂತ ಅರ್ಥವಲ್ಲ, ಮೊದಲ ಜರಡಿ ದಾಟಿತು ಅಷ್ಟೇ. ಮಾರುವವರು ಲ್ಯಾಬಿಗೆ ಕಳಿಸಲೇಬೇಕು. ಉಪ್ಪಿನಕಾಯಿ ಜಾಡಿಗೆ ನಾನು ಬಣ್ಣವಿಲ್ಲದ ಗ್ಲೇಜನ್ನೇ ಒಳಗೆ ಹಾಕುವುದು. ಅಲಂಕಾರ ಎಲ್ಲ ಹೊರಗೆ.

ಕೆಲವರು ಇಮೇಲಿನಲ್ಲಿ ನನ್ನ ಬೂದು ನೀಲಿಯ ಅಳತೆ ಕೇಳಿದ್ದರು. ಮುಚ್ಚಿಡುವಂಥದ್ದೇನಿಲ್ಲ. ಮೇಲೆ ಹೇಳಿದ 40, 30, 20, 10ರ ಒಣ ಪುಡಿ 100 ಗ್ರಾಂ. ಅದಕ್ಕೆ ಕೋಬಾಲ್ಟ್ ಕಾರ್ಬೊನೇಟ್ 0.6 ಗ್ರಾಂ, ಕೆಂಪು ಕಬ್ಬಿಣದ ಆಕ್ಸೈಡ್ 2 ಗ್ರಾಂ, ಮ್ಯಾಂಗನೀಸ್ ಡೈಆಕ್ಸೈಡ್ 0.5 ಗ್ರಾಂ. ಕಾರ್ಬೊನೇಟ್ ಇಲ್ಲದೆ ಆಕ್ಸೈಡ್ ಇದ್ದರೆ 0.4 ಸಾಕು, ಆಕ್ಸೈಡಿನಲ್ಲಿ ಕೋಬಾಲ್ಟಿನ ಅಂಶ ಜಾಸ್ತಿ. ಆದರೆ ಆಕ್ಸೈಡ್ ಸರಿಯಾಗಿ ಅರೆಯದಿದ್ದರೆ ನೀಲಿ ಚುಕ್ಕೆ ಏಳುತ್ತದೆ, ಹಾಗಾಗಿ ನೀರು ಹಾಕಿ ಒರಳಲ್ಲಿ ಚೆನ್ನಾಗಿ ಅರೆದು, ಎರಡು ಸಲ ಜರಡಿ ಹಿಡಿಯಿರಿ. ಚುಕ್ಕೆ ಬೇಕು ಅನ್ನುವವರು ಜರಡಿ ಬಿಟ್ಟುಬಿಡಿ. ಹತ್ತನೇ ಒಂದು ಗ್ರಾಂ ತೋರಿಸುವ ತಕ್ಕಡಿ ಬೇಕೇ ಬೇಕು. ಮುಖಕ್ಕೆ ಮಾಸ್ಕ್, ಬಟ್ಟೆಯದ್ದಲ್ಲ, ಧೂಳು ತಡೆಯುವುದು. ಗ್ಯಾಸ್ ಗೂಡಿನಲ್ಲಿ 950 ಡಿಗ್ರಿಯ ಹೊತ್ತಿಗೆ ಡ್ಯಾಂಪರ್ ಸ್ವಲ್ಪ ತಳ್ಳಿ, 1,280ರವರೆಗೆ ಹಾಗೇ ಒಯ್ಯುತ್ತೇನೆ. ಕರೆಂಟಿನ ಕಿಲ್ನ್ ಇರುವವರು ಇದೇ ಮೂರು ಪುಡಿಯನ್ನು ನೀವು ಬಳಸುವ 1,220ರ ಪಾರದರ್ಶಕ ಗ್ಲೇಜಿಗೆ ಹಾಕಿ. ನೀಲಿ ಇಷ್ಟು ತಣ್ಣಗೆ ಬರುವುದಿಲ್ಲ, ಕಂದಿನ ಕಡೆ ವಾಲುತ್ತದೆ, ಆಗ ಕಬ್ಬಿಣವನ್ನು ಒಂದಕ್ಕೆ ಇಳಿಸಿ ನೋಡಿ. ಸಂಡೂರಿನ ಕಲ್ಲಿನ ಪುಡಿ ಹಾಕಿದ ಟೈಲುಗಳು ಈ ವಾರದ ಗೂಡಿನಲ್ಲಿವೆ, ಕಬ್ಬಿಣ 1ರಿಂದ 4ರವರೆಗೆ ಸಾಲಾಗಿ. ತೆಗೆದ ಮೇಲೆ ಫೋಟೋ ಹಾಕುತ್ತೇನೆ.